ಗ್ರೀನ್ ಕಾರ್ಡ್ ಹುಡುಗ, ಏಳನೇ ತಿಂಗಳ ಸೀಮಂತ ಮತ್ತು ಒಂದು ‘ಎಚ್’

ಆಟಿ, ಅಂದರೆ ಶುಭಕಾರ್ಯ ನಡೆಯದ ತುಳುನಾಡಿನ ಮಳೆಗಾಲದ ತಿಂಗಳು, ಮುಗಿದ ಕೂಡಲೇ ನನಗೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಮಳೆಗಾಲವಿಡೀ ಪಾಸ್‌ಪೋರ್ಟ್ ರಿನ್ಯೂವಲ್, ಪೊಲೀಸ್ ವೆರಿಫಿಕೇಶನ್ ಅಂತ ಕೇಳುತ್ತಿದ್ದವರು ಈಗ ಹಾಲ್, ಮುಹೂರ್ತ, ವೀಸಾ ಮೂರನ್ನೂ ಒಂದೇ ಉಸಿರಿಗೆ ಕೇಳುತ್ತಾರೆ. ಈ ಸಲ ಐದು ಪತ್ರ ಆರಿಸಿದ್ದೇನೆ. ಹೆಸರು, ಮನೆತನ ತೆಗೆದಿದ್ದೇನೆ. ನಮ್ಮೂರಲ್ಲಿ ಮನೆತನ ಹೇಳಿದರೆ ಸಾಕು, ಸಂಜೆಯೊಳಗೆ ಹುಡುಗನ ಸಂಬಳವೂ ಗೊತ್ತಾಗಿಬಿಡುತ್ತದೆ.

ಮಗಳಿಗೆ ಅಮೆರಿಕದ ಹುಡುಗ ನಿಶ್ಚಯವಾಗಿದ್ದಾನೆ. ಈಗ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದಾನೆ. ಕಂಪನಿ ಹಾಕಿದ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಖಾಯಂ ವಾಸದ ಕಾರ್ಡ್, ಇನ್ನೇನು ಬರುವುದರಲ್ಲಿದೆ. ಹುಟ್ಟಿದ್ದು ಬಹ್ರೇನ್‌ನಲ್ಲಿ, ಅದಕ್ಕೇ ಬೇಗ ಆಯಿತಂತೆ. ‘ಕಾರ್ಡ್ ಕೈಗೆ ಬರಲಿ, ಆಮೇಲೆ ಗಡದ್ದಾಗಿ ಮದುವೆ ಮಾಡೋಣ’ ಅನ್ನುತ್ತಾರೆ ಹುಡುಗನ ಮನೆಯವರು. ಕಾಯಬಹುದಲ್ವಾ?
– ಒಬ್ಬ ತಂದೆ, ಮಂಗಳೂರು

ಕಾಯಬೇಡಿ. ಇದನ್ನು ಓದಿದ ಕೂಡಲೇ ಹುಡುಗನಿಗೆ ಫೋನ್ ಮಾಡಿ.

ನಮ್ಮ ಕಡೆ ಗ್ರೀನ್ ಕಾರ್ಡ್ ಹುಡುಗ ಅಂದರೆ ಒಂದು ಮೆಟ್ಟಿಲು ಮೇಲೆ, ಎಚ್-1ಬಿ ಹುಡುಗ ಅಂದರೆ ಒಂದು ಮೆಟ್ಟಿಲು ಕೆಳಗೆ. ಆದರೆ ಹೆಂಡತಿಯನ್ನು ಕರೆಸಿಕೊಳ್ಳುವ ವಿಷಯದಲ್ಲಿ ಲೆಕ್ಕ ಉಲ್ಟಾ. ಎಚ್-1ಬಿಯವನ ಹೆಂಡತಿಗೆ ಎಚ್-4 ವೀಸಾ ಇದೆ, ಅದಕ್ಕೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇಲ್ಲ. ಅಮೆರಿಕದ ಪ್ರಜೆಯ ಹೆಂಡತಿಗೂ ಮಿತಿ ಇಲ್ಲ. ಮಧ್ಯದಲ್ಲಿರುವ ಗ್ರೀನ್ ಕಾರ್ಡಿನವನು ಮಾತ್ರ, ಕಾರ್ಡ್ ಬಂದ ಮೇಲೆ ಮದುವೆಯಾದರೆ, ಹೆಂಡತಿಗಾಗಿ ಎಫ್2ಎ ಅನ್ನುವ ಸರದಿಯಲ್ಲಿ ನಿಲ್ಲಬೇಕು. ಆ ಸರದಿ ವರ್ಷಗಟ್ಟಲೆ ಎಳೆಯುತ್ತದೆ. ಆ ಹೊತ್ತಿಗೆ ಅವನು ಎಚ್-1ಬಿಯಲ್ಲಿ ಇರುವುದಿಲ್ಲ, ಹಾಗಾಗಿ ಎಚ್-4 ಬಾಗಿಲೂ ಮುಚ್ಚಿರುತ್ತದೆ. ವಿಸಿಟ್ ವೀಸಾ ಕೇಳಲು ಹೋದರೆ ‘ಗಂಡ ಅಲ್ಲೇ ನೆಲೆಸಿದ್ದಾನೆ, ನೀವು ವಾಪಸ್ ಬರುತ್ತೀರಿ ಅಂತ ಹೇಗೆ ನಂಬೋಣ’ ಅನ್ನುತ್ತಾರೆ.

ಅದೇ ಕಾರ್ಡ್ ಸಿಗುವ ಮೊದಲು ಮದುವೆಯಾಗಿದ್ದರೆ? ಕೆಲಸದ ಮೂಲಕ ಬರುವ ಕಾರ್ಡಿನಲ್ಲಿ ಹೆಂಡತಿಗೂ ಗಂಡನ ಸರದಿಯೇ ಸಿಗುತ್ತದೆ. ಅವಳು ಸ್ವಲ್ಪ ತಡವಾಗಿ ಹೋದರೂ ಅದೇ ಸಾಲಿನಲ್ಲಿ ಹಿಂದೆಯೇ ಹೋಗಬಹುದು. ಮದುವೆಯ ತಾರೀಕು ಕಾರ್ಡಿನ ತಾರೀಕಿಗಿಂತ ಮುಂಚೆ ಇರಬೇಕು, ಅವನು ಮದುವೆಯಾದದ್ದನ್ನು ಅಲ್ಲಿ ಕೂಡಲೇ ತಿಳಿಸಬೇಕು, ಅಷ್ಟೇ. ಬಹ್ರೇನ್ ಮಾತು ಸರಿಯೇ. ಆ ಸರದಿ ನೋಡುವುದು ಹುಟ್ಟಿದ ದೇಶವನ್ನು, ಪಾಸ್‌ಪೋರ್ಟನ್ನಲ್ಲ. ಗಲ್ಫಿನಲ್ಲಿ ಹುಟ್ಟಿದ ನಮ್ಮ ಎಷ್ಟೋ ಮಕ್ಕಳಿಗೆ ಇದೊಂದು ಲಾಟರಿ.

ಹಾಗಂತ ಸುಮ್ನೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದು, ಧಾರೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಮದುವೆಯೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹುಡುಗ ಒಂದು ವಾರ ರಜೆ ಹಾಕಿ ಬರಲಿ. ದೇವಸ್ಥಾನದಲ್ಲಿ ಎರಡೂ ಮನೆಯವರು ಸೇರಿ ಧಾರೆ ಎರೆದುಬಿಡಿ, ಅದೇ ವಾರ ರಿಜಿಸ್ಟರ್ ಮಾಡಿಸಿ. ಸಾವಿರ ಜನರ ಊಟ ಆಮೇಲೂ ಹಾಕಬಹುದು. ಒಂದು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ, ಕಾರ್ಡ್ ಬರುತ್ತಿರುವುದು ನಿಜಕ್ಕೂ ಕಂಪನಿ ಮೂಲಕವೇ ಅಂತ. ಗ್ರೀನ್ ಕಾರ್ಡ್ ಇರುವ ಅಪ್ಪನೋ ಅಮ್ಮನೋ ‘ಅವಿವಾಹಿತ ಮಗ’ ಅಂತ ಹಾಕಿದ ಅರ್ಜಿಯಾದರೆ, ತಾಳಿ ಕಟ್ಟಿದ ಕ್ಷಣ ಆ ಅರ್ಜಿ ಸತ್ತಂತೆ.

ಇನ್ನು ಮಗಳು ಕೆಲಸ ಬಿಟ್ಟು ಎಚ್-4ರಲ್ಲೇ ಹೋಗುವುದಾದರೆ, ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿದೆಯಾ ಅಂತ ಅವಳೇ ನೇರವಾಗಿ ಕೇಳಲಿ. 2015ರಿಂದ, ಅದು ಆಗಿದ್ದರೆ ಹೆಂಡತಿ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಆಗಿಲ್ಲದಿದ್ದರೆ ಎಂಜಿನಿಯರಿಂಗ್ ಓದಿದ ಹುಡುಗಿ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಹಿಮ ನೋಡುತ್ತಾ ಕೂರಬೇಕಾಗುತ್ತದೆ. ಇದನ್ನು ಕೇಳಲು ನಾಚಿಕೆಪಡುವ ಮಂದಿ ಹುಡುಗನ ಮನೆಗೆ ಎಷ್ಟು ಎಕರೆ ಅಡಿಕೆ ತೋಟ ಇದೆ ಅಂತ ಮಾತ್ರ ಧಾರಾಳವಾಗಿ ಕೇಳುತ್ತಾರೆ.

ಗಂಡ ದುಬೈಯಲ್ಲಿ, ನಾನೂ ಅವರ ವೀಸಾದಲ್ಲಿ ಅಲ್ಲೇ ಇದ್ದೇನೆ. ಮೊದಲ ಹೆರಿಗೆ. ಏಳನೇ ತಿಂಗಳಲ್ಲಿ ಸೀಮಂತಕ್ಕೆ ಬಂದು ಇಲ್ಲೇ ಹೆರಿಗೆ, ಬಾಣಂತನ ಮುಗಿಸಿ ಹೋಗು ಅನ್ನುತ್ತಾರೆ ಅಮ್ಮ. ಅಲ್ಲೇ ಹೆತ್ತರೆ ಮಗುವಿಗೆ ಅಲ್ಲಿಯ ಪೌರತ್ವ ಸಿಗುತ್ತದೆ ಅಂತ ಗಂಡನ ಸ್ನೇಹಿತರೊಬ್ಬರು ಹೇಳಿದರು. ಯಾವುದು ಒಳ್ಳೆಯದು?
– ಕಾಪು, ಉಡುಪಿ ಜಿಲ್ಲೆ

ಸ್ನೇಹಿತರ ಮಾತು ಬಿಡಿ. ದುಬೈಯಲ್ಲಿ ಹುಟ್ಟಿತು ಅನ್ನುವ ಕಾರಣಕ್ಕೆ ನಿಮ್ಮ ಮಗುವಿಗೆ ಅಲ್ಲಿಯ ಪೌರತ್ವ ಬರುವುದಿಲ್ಲ. ಎಲ್ಲಿ ಹೆತ್ತರೂ ಮಗು ಭಾರತದ್ದೇ, ಕಾಗದದ ದಾರಿ ಮಾತ್ರ ಬೇರೆ. ಇಲ್ಲಿ ಹುಟ್ಟಿದರೆ ಜನನದಿಂದಲೇ ಪ್ರಜೆ. ಅಲ್ಲಿ ಹುಟ್ಟಿದರೆ ಅಪ್ಪ ಅಮ್ಮನ ಮೂಲಕ ಪ್ರಜೆ, ಅದಕ್ಕೆ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ಜನನ ನೋಂದಣಿ ಆಗಲೇಬೇಕು. 2004ರ ಡಿಸೆಂಬರ್ 3ರಿಂದ ಇದೇ ನಿಯಮ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅದರ ಜೊತೆಗೆ ಹುಟ್ಟಿದ 120 ದಿನದೊಳಗೆ ಮಗುವಿಗೆ ಅಲ್ಲಿಯ ರೆಸಿಡೆನ್ಸ್ ವೀಸಾ ಹೊಡೆಸಬೇಕು, ತಡವಾದರೆ ದಂಡ.

ಇನ್ನು ಅಮ್ಮನ ಪ್ಲಾನ್. ಬೆರಳೆಣಿಸಿ ನೋಡಿ. ಮೂವತ್ತನೇ ವಾರಕ್ಕೆ ಬಜಪೆಯಲ್ಲಿ ಇಳಿಯುತ್ತೀರಿ ಅಂದುಕೊಳ್ಳೋಣ. ಹೆರಿಗೆಗೆ ಇನ್ನು ಹತ್ತು ವಾರ. ಬಾಣಂತನ ಮೂರು ತಿಂಗಳು, ಅಂದರೆ ಹದಿಮೂರು ವಾರ. ಒಟ್ಟು ಇಪ್ಪತ್ತಮೂರು ವಾರ, 161 ದಿನ. ಯುಎಇ ಹೊರಗೆ 180 ದಿನಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ವೀಸಾ ರದ್ದಾಗುತ್ತದೆ. ಗೋಲ್ಡನ್ ವೀಸಾದವರಿಗೆ ಈ ಭಯ ಇಲ್ಲ. ಉಳಿಯುವುದು ಹತ್ತೊಂಬತ್ತು ದಿನ. ಅಷ್ಟರಲ್ಲಿ ಮಗುವಿನ ಬರ್ತ್ ಸರ್ಟಿಫಿಕೇಟ್, ಪಾಸ್‌ಪೋರ್ಟ್, ಅಟೆಸ್ಟೇಶನ್, ವೀಸಾ ಎಲ್ಲ ಮುಗಿಸಲು ಸಾಧ್ಯವೇ ಇಲ್ಲ. ಹಾಗಾಗಿ ಇದನ್ನೆಲ್ಲ ಬಾಣಂತನ ಮುಗಿದ ಮೇಲೆ ಅಂತ ಇಟ್ಟುಕೊಳ್ಳದೆ, ಮಗು ಹುಟ್ಟಿದ ವಾರದಿಂದಲೇ ಓಡಾಟ ಶುರುವಾಗಬೇಕು. ಓಡಾಡಲು ಅಣ್ಣನೋ ಮಾವನೋ ಯಾರಾದರೂ ಒಬ್ಬರನ್ನು ಈಗಲೇ ಗೊತ್ತು ಮಾಡಿಡಿ.

ಇದರಲ್ಲಿ ಎಡವುವುದು ಎಲ್ಲಿ ಗೊತ್ತಾ? ಮಗುವಿನ ಹೆಸರಿನಲ್ಲಿ. ಆಸ್ಪತ್ರೆಯಿಂದ 21 ದಿನದೊಳಗೆ ಜನನ ನೋಂದಣಿ ಆಗಿಬಿಡುತ್ತದೆ, ಆದರೆ ಹೆಸರಿನ ಜಾಗ ಖಾಲಿ. ಜೋಯಿಸರು ಅಕ್ಷರ ಕೊಡಬೇಕು, ದುಬೈಯ ಅಪ್ಪನಿಗೆ ಮಾಡರ್ನ್ ಹೆಸರು ಬೇಕು, ಅಜ್ಜನಿಗೆ ನಾಗನ ಹೆಸರೇ ಆಗಬೇಕು. ಈ ಚರ್ಚೆ ಎರಡು ತಿಂಗಳು ನಡೆಯುತ್ತದೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನಕ್ಕೆ ಬರ್ತ್ ಸರ್ಟಿಫಿಕೇಟ್ ಒಂದೇ ಪುರಾವೆ. ಹೆಸರಿಲ್ಲದೆ ಅದು ಉಪಯೋಗಕ್ಕೆ ಬರುವುದಿಲ್ಲ. ಹೆಣ್ಣಾದರೆ ಇದು, ಗಂಡಾದರೆ ಇದು ಅಂತ ಸೀಮಂತದ ದಿನವೇ ತೀರ್ಮಾನ ಮಾಡಿಬಿಡಿ, ಎಲ್ಲರೂ ಹೇಗೂ ಸೇರಿರುತ್ತಾರೆ.

ನನ್ನನ್ನು ಕೇಳಿದರೆ, ಇನ್ಶೂರೆನ್ಸ್ ಚೆನ್ನಾಗಿದ್ದರೆ ಅಲ್ಲೇ ಹೆತ್ತು ಅಮ್ಮನನ್ನೇ ಅಲ್ಲಿಗೆ ಕರೆಸಿಕೊಳ್ಳಿ. ಅಮ್ಮನಿಗೆ ಬೇಜಾರಾಗಬಹುದು. ಬಾಣಂತಿ ಲೇಹದ ಡಬ್ಬಿ ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ ಅಂತ ಹೇಳಿ.

ಅಕ್ಕನಿಗೆ ಜರ್ಮನಿಯ ಹುಡುಗನ ಜೊತೆ ಡಿಸೆಂಬರ್‌ನಲ್ಲಿ ಮದುವೆ, ಹುಡುಗ ನಮ್ಮ ಕಡೆಯವನೇ. ಮಾರ್ಕ್ಸ್ ಕಾರ್ಡಿನಲ್ಲಿ ಅಕ್ಕನ ಹೆಸರಿನ ಸ್ಪೆಲಿಂಗ್ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ತೊಂದರೆ ಆಗುತ್ತಾ? ಭಾಷೆ ಕಲಿಯಲೇಬೇಕಾ?
– ಕುಂದಾಪುರ

ಭಾಷೆಯದ್ದು ಮೊದಲು. ಹುಡುಗನ ಕೈಯಲ್ಲಿರುವುದು ಇಯು ಬ್ಲೂ ಕಾರ್ಡಾ (ಹೆಚ್ಚು ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ಪರ್ಮಿಟ್) ಕೇಳಿ. ಹೌದಾದರೆ ಹೆಂಡತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಬೇಡ. ಬೇರೆ ಪರ್ಮಿಟ್ ಆದರೆ, ಜರ್ಮನ್ ಭಾಷೆಯ ಮೊದಲ ಹಂತದ ಎ1 ಸರ್ಟಿಫಿಕೇಟ್ ಬೇಕಾ ಅಂತ ವಿಚಾರಿಸಿ, ಬೇಕಾದರೆ ಈಗಲೇ ಕ್ಲಾಸಿಗೆ ಸೇರಿಸಿ. ಹೋದ ಮೇಲೆ ಕೆಲಸ ಮಾಡಲು ಅಡ್ಡಿ ಇಲ್ಲ, ಈ ವಿಷಯದಲ್ಲಿ ಜರ್ಮನಿ ಅಮೆರಿಕಕ್ಕಿಂತ ಎಷ್ಟೋ ವಾಸಿ. ಇನ್ನೊಂದು, ಏಜೆಂಟರು ಅಪೋಸ್ಟಿಲ್ (ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವ ಮುದ್ರೆ) ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳಿದರೆ ಕೊಡಬೇಡಿ. ಭಾರತ 2005ರಲ್ಲೇ ಆ ಒಪ್ಪಂದಕ್ಕೆ ಸೇರಿದರೂ ಜರ್ಮನಿ ಆಕ್ಷೇಪ ಹಾಕಿದೆ, ನಮ್ಮ ಅಪೋಸ್ಟಿಲ್ ಅಲ್ಲಿ ನಡೆಯುವುದಿಲ್ಲ.

ಸ್ಪೆಲಿಂಗ್ ತೊಂದರೆ ಆಗುತ್ತದೆ, ಖಂಡಿತ ಆಗುತ್ತದೆ. ನನ್ನದೇ ಕತೆ ಹೇಳುತ್ತೇನೆ. ನನ್ನ ಹೆಂಡತಿಯ ಹೆಸರಿನ ಕೊನೆಗೆ ‘ತಾ’ ಬರುತ್ತದೆ. ಶಾಲೆಯಲ್ಲಿ ಬರೀ ‘ಟಿ’, ಪಾಸ್‌ಪೋರ್ಟಿನಲ್ಲಿ ‘ಟಿ’ ಪಕ್ಕ ಒಂದು ‘ಎಚ್’. ಮದುವೆ ಸರ್ಟಿಫಿಕೇಟಿನಲ್ಲಿ ಗುಮಾಸ್ತರು ಶಾಲೆಯದ್ದನ್ನು ನೋಡಿ ಬರೆದರು, ನಾನು ಓದದೆ ಸಹಿ ಹಾಕಿದೆ. ಸಂಜೆಗೆ ರಿಸೆಪ್ಶನ್, ಮನಸ್ಸೆಲ್ಲ ಐಸ್‌ಕ್ರೀಮ್ ಬಂತೋ ಇಲ್ಲವೋ ಅನ್ನುವುದರ ಮೇಲೆ. ಆ ಒಂದು ‘ಎಚ್’ ಸರಿ ಮಾಡಿಸಲು ಆಮೇಲೆ ನಾಲ್ಕು ತಿಂಗಳು, ಎರಡು ಅಫಿಡವಿಟ್, ಲೆಕ್ಕವಿಲ್ಲದಷ್ಟು ಬಸ್ ಟಿಕೆಟ್. ಹಾಗಾಗಿ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು, ಮದುವೆ ಅರ್ಜಿಯ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿ. ಪಾಸ್‌ಪೋರ್ಟ್ ಹೇಳಿದ್ದೇ ವೇದ, ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು.

ಗಂಡನ ಸರ್‌ನೇಮ್‌ಗೆ ಬದಲಾಯಿಸುವ ಕಡ್ಡಾಯ ಎಲ್ಲೂ ಇಲ್ಲ. ನಮ್ಮಲ್ಲಿ ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ) ಕಾಲದಿಂದ ತಾಯಿ ಮನೆಯ ‘ಬಳಿ’ಯನ್ನೇ, ಅಂದರೆ ಕುಲದ ಹೆಸರನ್ನೇ, ಹಿಡಿದುಕೊಂಡು ಬಂದ ಹೆಂಗಸರು, ವೀಸಾ ಅಂದ ಕೂಡಲೇ ಹೆಸರು ಬದಲಾಯಿಸಲು ಓಡುವುದು ಯಾಕೋ ನನಗೆ ಅರ್ಥವಾಗುವುದಿಲ್ಲ.

ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಯ ಹುಡುಗಿಯನ್ನೇ ಇಷ್ಟಪಟ್ಟಿದ್ದಾನೆ. ನಾಲ್ಕು ವಾರ ರಜೆಯಲ್ಲಿ ಬರುತ್ತಾರೆ, ಉಡುಪಿಯಲ್ಲೇ ಮದುವೆ ಮಾಡಿ ರಿಜಿಸ್ಟರ್ ಮಾಡಿಸಬಹುದೇ? ಸೊಸೆ ಹೆಸರಿನಲ್ಲಿ ಒಂದು ತೋಟ ತೆಗೆಯೋಣ ಅಂತ ನಮ್ಮವರ ಆಸೆ.
– ಉಡುಪಿ

ಸೊಸೆಗೆ ತೋಟ ಕೊಡಿಸುವ ಅತ್ತೆ ಮಾವ! ಸಂತೋಷ. ಆದರೆ ಎರಡೂ ಆಗುವುದಿಲ್ಲ.

ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ಹುಡುಗಿ ಹಿಂದೂ ಅಲ್ಲದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಅದರಲ್ಲಿ ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸ ಇದ್ದು ನೋಟಿಸ್ ಕೊಡಬೇಕು, ನೋಟಿಸ್ ಮತ್ತೆ 30 ದಿನ ನೇತಾಡಬೇಕು. ನಾಲ್ಕು ವಾರದ ರಜೆ ಎಲ್ಲಿ ಸಾಕು? ಅಲ್ಲೇ ಕಾನೂನು ಪ್ರಕಾರ ಮದುವೆಯಾಗಿ ಸರ್ಟಿಫಿಕೇಟ್‌ಗೆ ಅಲ್ಲಿಯೇ ಅಪೋಸ್ಟಿಲ್ ಮಾಡಿಸಿಕೊಂಡು ಬರಲಿ. ಇಲ್ಲಿ ವಾಲಗ, ಊಟ, ಫೋಟೊ. ಮದುವೆ ನೋಂದಣಿಯಾಗಿ ಎರಡು ವರ್ಷ ಸಂಸಾರ ನಡೆದ ಮೇಲೆ ಸೊಸೆ ಒಸಿಐ ಕಾರ್ಡಿಗೆ, ಅಂದರೆ ಭಾರತ ಮೂಲದ ಅಥವಾ ಭಾರತೀಯರನ್ನು ಮದುವೆಯಾದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡಿಗೆ, ಅರ್ಜಿ ಹಾಕಬಹುದು. ವಿಚ್ಛೇದನವಾದರೆ ಆ ಕಾರ್ಡ್ ಹೋಗುತ್ತದೆ, ಇದು ಅವಳಿಗೂ ಗೊತ್ತಿರಲಿ.

ಒಸಿಐ ಇದ್ದವರು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮನೆ, ಫ್ಲಾಟ್ ಆಗಬಹುದು. ನಾಳೆ ಮಗನೇ ಅಮೆರಿಕದ ಪ್ರಜೆಯಾದರೆ ಅವತ್ತಿಗೇ ಭಾರತದ ಪೌರತ್ವ ಹೋಯಿತು, ಅವನಿಗೂ ಇದೇ ನಿಯಮ. ನಿಮ್ಮಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ತೋಟ ತೆಗೆಯುವುದಾದರೆ ನಿಮ್ಮ ಹೆಸರಿನಲ್ಲೇ ತೆಗೆಯಿರಿ.

ಮಗಳು ಅಮೆರಿಕದಲ್ಲಿ ಹುಟ್ಟಿದ್ದು. ನಾವು ವಾಪಸ್ ಬಂದು ಮಂಗಳೂರಲ್ಲೇ ಓದಿಸುತ್ತಿದ್ದೇವೆ. ಮುಂದಿನ ವರ್ಷ ನೀಟ್ ಬರೆಯುತ್ತಾಳೆ. ಒಸಿಐ ಕಾರ್ಡ್ ಇದೆ, ಮೆರಿಟ್ ಸೀಟು ಸಿಗುತ್ತಾ?
– ಮಂಗಳೂರು

ಕಾರ್ಡಿನ ಮೇಲಿನ ತಾರೀಕು ನೋಡಿ. 2021ರ ಮಾರ್ಚ್ 4ರ ಅಧಿಸೂಚನೆಯಲ್ಲಿ ಒಸಿಐ ಮಕ್ಕಳನ್ನು ಎನ್‌ಆರ್‌ಐ ಸೀಟುಗಳ ಸಾಲಿಗೆ ಹಾಕಿಬಿಟ್ಟರು. ಅದಕ್ಕಿಂತ ಮುಂಚೆಯೇ ಕಾರ್ಡ್ ಪಡೆದವರಿಗೆ ಹಳೆಯ ಹಕ್ಕು ಉಳಿಯುತ್ತದೆ ಅಂತ ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ನೀವು ಮಗಳ ಪಾಸ್‌ಪೋರ್ಟ್ ಬದಲಾದಾಗ ಹೊಸ ಕಾರ್ಡ್ ಮಾಡಿಸಿದ್ದರೆ ಅದರಲ್ಲಿ ಹೊಸ ತಾರೀಕು ಇರುತ್ತದೆ. ಹಳೆಯ ಕಾರ್ಡ್, ಕಡೇಪಕ್ಷ ಅದರ ಜೆರಾಕ್ಸ್, ಗೋದ್ರೇಜಿನಲ್ಲಿ ಎಲ್ಲಾದರೂ ಇದೆಯಾ ಇವತ್ತೇ ಹುಡುಕಿ.