ಟಿ.ಸಿ. ಕೊಡುವ ದಿನ ಕೇಳಬೇಡಿ

ಸರ್, ಕಾಸರಗೋಡಿನ ನಿಮ್ಮ ಕಾಲೇಜಿನಲ್ಲಿ ಓದು ಮುಗಿಸಿ ಹೋಗುವ ಮಕ್ಕಳು ಸಮೀಕ್ಷೆಯಲ್ಲಿ ಎಲ್ಲದಕ್ಕೂ ‘ಚೆನ್ನಾಗಿದೆ’ ಅಂತ ಗುರುತು ಹಾಕುತ್ತಾರೆ, ಏನು ಮಾಡುವುದು ಎಂದು ಕೇಳಿದ್ದೀರಿ. ಫಾರಂ ಕೊಡುವುದು ಟಿ.ಸಿ. ಕೊಡುವ ದಿನವೇ, ಅಲ್ವಾ? ಟಿ.ಸಿ. ಇನ್ನೂ ನಿಮ್ಮ ಮೇಜಿನ ಮೇಲಿರುವಾಗ ಯಾರು ತಾನೇ ದೂರು ಬರೆಯುತ್ತಾರೆ! ನಾನೂ ಸುಮ್ನೆ ಗುರುತು ಹಾಕಿ ಓಡಿದವನೇ.

ಪರೀಕ್ಷೆಗೆ ಒಂದು ತಿಂಗಳ ಮೊದಲು, ಹೆಸರು ಕೇಳದೆ ಕೊಡಿ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪೈವಳಿಕೆಯ ಹುಡುಗಿ ಇಂಗ್ಲಿಷ್ ಫಾರಂನಲ್ಲಿ ಮನಸ್ಸು ಬಿಚ್ಚುವುದು ಕಷ್ಟ. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ವಿದ್ಯಾರ್ಥಿ ಸಮೀಕ್ಷೆಯಲ್ಲೂ 20 ಪ್ರಶ್ನೆ ಗುರುತು ಹಾಕುವಂಥವು, 21ನೆಯದು ಸಲಹೆ ಬರೆಯುವುದು. ಉಪಯೋಗ ಜಾಸ್ತಿ ಆ ಕೊನೆಯದರಲ್ಲೇ.

ಮತ್ತೆ, ನಡುವೆ ಓದು ಬಿಟ್ಟವರಿಗೂ ಒಂದು ಫೋನ್ ಮಾಡಿ. ಬಸ್ಸಿನ ತೊಂದರೆಯೋ, ಫೀಸೋ, ಪಾಠ ಅರ್ಥವಾಗದ್ದೋ, ಅವರಿಗೆ ಮುಚ್ಚಿಡುವಂಥದ್ದೇನೂ ಇರುವುದಿಲ್ಲ.