ದೊಡ್ಡದನ್ನೂ ಯಾಕೆ ನೀರಿಗೆ ಬಿಡುತ್ತಾರೆ?

ಪ್ರಶ್ನೆ: ಅಮೆರಿಕದ ಮೇನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿನ ದೋಣಿಯವರು ಸೀ ಅರ್ಚಿನ್ ಎಂಬ ಮೈತುಂಬ ಮುಳ್ಳಿನ ಜೀವಿಗಳನ್ನು ಅಳೆದು, ಸಣ್ಣವನ್ನೂ ತೀರಾ ದೊಡ್ಡವನ್ನೂ ವಾಪಸ್ ಕಡಲಿಗೆ ಹಾಕುತ್ತಿದ್ದರು. ಸಣ್ಣದು ಸರಿ, ದೊಡ್ಡದನ್ನು ಯಾಕೆ? ಕ್ಯಾಲಿಫೋರ್ನಿಯಾದಲ್ಲಿ ಇವನ್ನೇ ಸುತ್ತಿಗೆಯಿಂದ ಒಡೆಯುತ್ತಾರಂತಲ್ಲ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಎರಡೂ ಸರಿಯೇ ಮಾರಾಯ್ರೆ, ಕಡಲು ಬೇರೆ ಬೇರೆ.

ಅರ್ಚಿನ್ ಒಡೆದರೆ ಚಿಪ್ಪಿನ ಒಳಗೋಡೆಗೆ ಅಂಟಿಕೊಂಡ ಐದು ಹಳದಿ ಎಸಳು ಕಾಣುತ್ತವೆ. ಜಪಾನಿನವರು 'ಉನಿ' ಎಂದು ದುಡ್ಡು ಸುರಿಯುವುದು ಇದಕ್ಕೇ. ಮೊಟ್ಟೆ ಅಂತಾರೆ, ಆದರೆ ಗಂಡಿನಲ್ಲೂ ಇರುವ ಸಂತಾನಗ್ರಂಥಿ ಅದು. ಕೆಲ್ಪ್ ಎಂಬ ಕಡಲಪಾಚಿ ಹೊಟ್ಟೆತುಂಬ ಸಿಕ್ಕರೆ ಎಸಳು ದಪ್ಪ, ಇಲ್ಲವಾದರೆ ದಾರದಂತೆ ಸೊರಗುತ್ತದೆ.

ಮೇನ್‌ನವರು 1980ರ ದಶಕದ ಕೊನೆಯಲ್ಲಿ ಜಪಾನಿನ ಬೇಡಿಕೆ ನೋಡಿ ಮುಗಿಬಿದ್ದರು. 1993ರಲ್ಲಿ ಎತ್ತಿದ್ದು 4 ಕೋಟಿ ಪೌಂಡ್ ಮೀರಿತ್ತು. ಈಗ ಅದರ ಹತ್ತನೇ ಒಂದು ಪಾಲೂ ಇಲ್ಲ. ಅರ್ಚಿನ್ ಖಾಲಿಯಾದ ಕಡೆ ಪಾಚಿ ಎದ್ದಿತು, ಪಾಚಿಯೊಳಗೆ ಏಡಿ ಸೇರಿತು, ಏಡಿಗೆ ಅರ್ಚಿನ್ ಮರಿಗಳೇ ಊಟ. ಹಾಗಾಗಿ ಹಿಡಿಯುವುದನ್ನು ಕಡಿಮೆ ಮಾಡಿದರೂ ಸಂತತಿ ಚೇತರಿಸಲಿಲ್ಲ. ಈಗ ಲೈಸೆನ್ಸಿಗೆ ಮಿತಿ. ವಸಂತದಲ್ಲಿ ಮೊಟ್ಟೆ ಬಿಡುವ ಮೊದಲು, ಎಸಳು ತುಂಬಿರುವ ಚಳಿಯ ತಿಂಗಳುಗಳಲ್ಲಿ ಲೆಕ್ಕದ ದಿನ ಮಾತ್ರ ಹಿಡಿಯಬಹುದು. ನಮ್ಮ ಕರಾವಳಿಯ ಜೂನ್–ಜುಲೈ ಮೀನುಗಾರಿಕೆ ರಜೆ ಅದರ ಮುಂದೆ ಏನೂ ಅಲ್ಲ!

ಇನ್ನು ದೊಡ್ಡದರ ವಿಷಯ. ಅರ್ಚಿನ್‌ಗಳು ಕೂಡುವುದಿಲ್ಲ, ಗಂಡು ವೀರ್ಯವನ್ನೂ ಹೆಣ್ಣು ಮೊಟ್ಟೆಯನ್ನೂ ನೀರಿಗೇ ಬಿಡುತ್ತವೆ. ಒತ್ತಾಗಿ ಇದ್ದರಷ್ಟೇ ಅವೆರಡೂ ಸಂಧಿಸುತ್ತವೆ. ದೊಡ್ಡದು ಬಿಡುವ ಮೊಟ್ಟೆಯೂ ಹೆಚ್ಚು. ಸಣ್ಣದನ್ನು ಉಳಿಸಿ ದೊಡ್ಡದನ್ನೆಲ್ಲ ಬಾಚಿದರೆ ಮುಂದಿನ ಮರಿ ಎಲ್ಲಿಂದ ಬರಬೇಕು? ಅಂದಹಾಗೆ, ಅಳೆಯುವುದು ಚಿಪ್ಪನ್ನು, ಮುಳ್ಳನ್ನು ಬಿಟ್ಟು.

ಕ್ಯಾಲಿಫೋರ್ನಿಯಾದ ಕಥೆ ತಿರುಗುಮುರುಗು. 2013ರಿಂದ ರೋಗ ಬಂದು, ಅರ್ಚಿನ್ ತಿನ್ನುತ್ತಿದ್ದ ದೊಡ್ಡ ನಕ್ಷತ್ರಮೀನುಗಳು ಸತ್ತವು. ಹಿಂದೆಯೇ 2014–16ರಲ್ಲಿ ಕಡಲು ಬಿಸಿಯೇರಿ ಕೆಲ್ಪ್ ಸೊರಗಿತು. ನೇರಳೆ ಅರ್ಚಿನ್ ವಿಪರೀತ ಹೆಚ್ಚಿ, ಉತ್ತರ ತೀರದ ಕೆಲ್ಪ್ ಕಾಡಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನಾಶವಾಯಿತು. ತಿನ್ನಲು ಇಲ್ಲದಿದ್ದರೂ ಅವು ವರ್ಷಗಟ್ಟಲೆ ಸಾಯುವುದಿಲ್ಲ, ಒಳಗೆ ಮಾತ್ರ ಟೊಳ್ಳು. ಟೊಳ್ಳು ಅರ್ಚಿನ್‌ಗೆ ಯಾರು ಕಾಸು ಕೊಡುತ್ತಾರೆ? ಬೆಲೆಬಾಳುವ ಕೆಂಪು ಅರ್ಚಿನ್ ಹಿಡಿಯುತ್ತಿದ್ದವರ ಸಂಪಾದನೆಗೂ ಪೆಟ್ಟು ಬಿತ್ತು. ಅದಕ್ಕೇ ಸುತ್ತಿಗೆ, ನೇರಳೆ ಅರ್ಚಿನ್ ತಗ್ಗಿದರೆ ಕೆಲ್ಪ್ ಮತ್ತೆ ಬೆಳೆಯಲಿ ಅಂತ. ಕೆಲವರು ಟೊಳ್ಳಾದವನ್ನು ತೊಟ್ಟಿಗೆ ತಂದು ಮೇಯಿಸಿ ಮಾರಲು ನೋಡುತ್ತಿದ್ದಾರೆ. ನನಗೆ ಅದೇ ಹೆಚ್ಚು ಬುದ್ಧಿವಂತಿಕೆ ಅನ್ನಿಸುತ್ತದೆ, ಮೇವಿನ ಖರ್ಚು ಗಿಟ್ಟಿದರೆ.