ಟಿಬೆಟ್ ಅಧ್ಯಯನ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಟಿಬೆಟಿಯನ್ ಸಂಸ್ಕೃತಿ ಹಾಗೂ ಅವರ ಸಮಸ್ಯೆಗಳ ಕುರಿತು ನಂಬಲರ್ಹ ಮಾಹಿತಿ ಎಲ್ಲಿ ಸಿಗುತ್ತದೆ? ಬೆಂಬಲ ಸಂಘಟನೆಗಳಿವೆಯೇ? ವಿದೇಶದ ಗೆಳತಿಯೂ ಜೊತೆಗಿರುತ್ತಾಳೆ.
– ಓದುಗರು, ಮೈಸೂರು

ಉತ್ತರ: ಹಸ್ತಪ್ರತಿ, ಭಾಷೆ, ಬೌದ್ಧ ದರ್ಶನ ಬೇಕಿದ್ದರೆ ಧರ್ಮಶಾಲೆಯಲ್ಲಿ 1970ರಲ್ಲಿ ಸ್ಥಾಪನೆಯಾದ ಟಿಬೆಟಿಯನ್ ಗ್ರಂಥಾಲಯಕ್ಕೆ ಸಮನಾದದ್ದು ಇನ್ನೊಂದಿಲ್ಲ. ದೆಹಲಿಯ ಲೋಧಿ ರಸ್ತೆಯ ಟಿಬೆಟ್ ಹೌಸ್‌ನಲ್ಲಿ ಗ್ರಂಥಾಲಯದ ಜೊತೆ ವಸ್ತುಸಂಗ್ರಹಾಲಯವೂ ಇದೆ. ನಿಮಗಂತೂ ಬೈಲಕುಪ್ಪೆಯ ಟಿಬೆಟಿಯನ್ ಶಿಬಿರವೇ ಹತ್ತಿರ. ಸೇರಾ ಮಠ ಅಲ್ಲೇ ಇದೆ. ಡ್ರೆಪುಂಗ್, ಗಾಂದೆನ್ ಮಠಗಳಿಗೆ ಮುಂಡಗೋಡಕ್ಕೆ ಹೋಗಬೇಕು. ನೇರವಾಗಿ ಮಠದ ಬಾಗಿಲು ತಟ್ಟುವ ಬದಲು, ವಿಷಯ, ದಿನಾಂಕ, ಕಾಲೇಜಿನ ಪತ್ರ ಸಮೇತ ಶಿಬಿರದ ಕಚೇರಿಗೆ ಮೊದಲೇ ಬರೆಯಿರಿ. ಫೆಬ್ರವರಿ–ಮಾರ್ಚ್‌ನ ಲೋಸಾರ್ (ಟಿಬೆಟಿಯನ್ ಹೊಸ ವರ್ಷ) ಹಬ್ಬದ ದಿನಗಳಲ್ಲಿ ಕಚೇರಿ ಕೆಲಸ ನಡೆಯುವುದಿಲ್ಲ.

ಗೆಳತಿ ಶಿಬಿರದಲ್ಲಿ ತಂಗುವುದಾದರೆ ಕೇಂದ್ರ ಗೃಹ ಸಚಿವಾಲಯದ ‘ಪಿಎಪಿ’ (ಸಂರಕ್ಷಿತ ಪ್ರದೇಶ) ಪರವಾನಗಿ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಟಿಕೆಟ್ ಕಾಯ್ದಿರಿಸುವ ಮೊದಲೇ ಅರ್ಜಿ ಹಾಕಿಸಿ. ಭಾರತೀಯರಿಗೆ ಇದು ಬೇಡ.

ಸಂಘಟನೆಗಳ ವಿಷಯಕ್ಕೆ ದೆಹಲಿಯ ಭಾರತ–ಟಿಬೆಟ್ ಸಮನ್ವಯ ಕಚೇರಿಯನ್ನು ಕೇಳಿ; ದೇಶದ ಬೆಂಬಲ ಗುಂಪುಗಳ ಸಂಪರ್ಕ ಅವರಿಗಿದೆ. ಹೊರದೇಶಗಳಲ್ಲಿ ವಾಷಿಂಗ್ಟನ್ನಿನ ಇಂಟರ್‌ನ್ಯಾಷನಲ್ ಕ್ಯಾಂಪೇನ್ ಫಾರ್ ಟಿಬೆಟ್ (1988), ಯುವಜನರ ಸ್ಟೂಡೆಂಟ್ಸ್ ಫಾರ್ ಎ ಫ್ರೀ ಟಿಬೆಟ್ (1994) ಹಳೆಯವು. ದೇಣಿಗೆ ಕೊಡುವಾಗ ನೋಂದಣಿ ಸಂಖ್ಯೆ, ರಸೀದಿ ಕೇಳಲು ಸಂಕೋಚ ಬೇಡ.

ಅಂಕಿಅಂಶ ಬಳಸುವಾಗ ಬಹಳ ಜನ ಎಡವುತ್ತಾರೆ. ಚೀನಾದ ದಾಖಲೆಗಳು ಟಿಬೆಟ್ ಎಂದು ಲೆಕ್ಕ ಹಿಡಿಯುವುದು 1965ರಲ್ಲಿ ರಚಿಸಿದ ಟಿಬೆಟ್ ಸ್ವಾಯತ್ತ ಪ್ರದೇಶವನ್ನು ಮಾತ್ರ; ದೇಶಭ್ರಷ್ಟ ಟಿಬೆಟಿಯನ್ನರು ಉ-ತ್ಸಾಂಗ್, ಖಾಮ್, ಆಮ್ದೊ ಎಂಬ ಸಾಂಪ್ರದಾಯಿಕ ಪ್ರಾಂತ್ಯಗಳು ಮೂರನ್ನೂ ಸೇರಿಸುತ್ತಾರೆ. ಹಾಗಾಗಿ ಜನಸಂಖ್ಯೆ, ವಿಸ್ತೀರ್ಣ ಎರಡೂ ಹೊಂದುವುದಿಲ್ಲ. ಪ್ರತಿ ಅಂಕಿಯ ಪಕ್ಕ ಅದು ಯಾವ ಗಡಿಯದೆಂದು ಬರೆದುಕೊಳ್ಳಿ.